ಅಪ್ಪ ತಂದ ಕಾರುಗಳು

ಮಾರ್ಚ್ ೨, ಸೋಮವಾರ

ಗ್ಯಾರೇಜಿಗೆ ಅಪ್ಪನ ಫೋನ್ ಬಂತು. ನಾವು ಅವನ ಮನೆ ಬಿಟ್ಟು ಬಂದ ಮೂರು ವರ್ಷದಲ್ಲಿ ಇದೇ ಮೊದಲು.

ನಾನಾಗ ಒಂದು ಕಾರಿನ ಬಾಗಿಲ ಮುಂದೆ ಕೂತಿದ್ದೆ. ತಗ್ಗಾದ ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಮುಂದಿನಿಂದ ಸುತ್ತಿಗೆಯಲ್ಲಿ ಬಡಿದು ಸಮ ಮಾಡುವ ಡೆಂಟಿಂಗ್ ನನ್ನ ಕೆಲಸ. ಒಂಬತ್ತನೇ ತರಗತಿಯಲ್ಲಿ ಸ್ಕೂಲು ಬಿಟ್ಟ ಮೇಲೆ, ಕೂತ ಕಡೆ ಕೂರಲಾರದ ನನಗೆ ಒಗ್ಗಿದ ಕೆಲಸ ಇದೊಂದೇ. ಮೇಸ್ತ್ರಿ ಫೋನ್ ತಂದು ನನ್ನ ಕಿವಿಗೆ ಹಿಡಿದರು.

“ಏನೋ ಕ್ಲೀನರ್!”

ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. ಅವನು ಲಾರಿ ಡ್ರೈವರ್, ನಾನು ಅವನ ಕ್ಲೀನರ್. ಸುತ್ತಿಗೆ ಜಾರಿ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಕಪ್ಪಾಗಿದೆ, ಬರೆಯುವಾಗಲೂ ತುಡಿಯುತ್ತಿದೆ.

ಕುಡಿತ ಬಿಟ್ಟಿದ್ದಾನಂತೆ. ಲಾರಿಯನ್ನೂ ಬಿಟ್ಟು ಯಾವುದೋ ಬ್ರೆಡ್ ಕಂಪನಿಯ ವ್ಯಾನ್ ಓಡಿಸುತ್ತಿದ್ದಾನಂತೆ. ತಿಂಗಳ ಕೊನೆಯ ಭಾನುವಾರ ಬಂದುಬಿಡುತ್ತೇನೆ, ಎಲ್ಲರೂ ಒಟ್ಟಿಗೆ ಇರೋಣ ಅಂದ. ಮನೆ ಎಲ್ಲಿ ಅಂತ ಕೇಳಿದ. ಹೇಳಿದೆ. ಕೇಳಿದವರಿಗೆ ಸುಳ್ಳು ಹೇಳುವುದು ನನಗೆ ಬರುವುದಿಲ್ಲ.

ಸಂಜೆ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಚಾಕು ನಿಂತಿತು.

“ಮನೆ ವಿಳಾಸ ಕೊಟ್ಯಾ?”

“ಕೇಳಿದ, ಕೊಟ್ಟೆ.”

ಅಮ್ಮ ಮತ್ತೆ ಹೆಚ್ಚತೊಡಗಿದಳು. ಹೋಳುಗಳು ದಪ್ಪದಪ್ಪ ಬಿದ್ದವು. ತಂಗಿ ಪುಸ್ತಕದಿಂದ ತಲೆ ಎತ್ತಿದಳು. ಹದಿನೈದು ತುಂಬಿಲ್ಲ, ನಾಲಿಗೆಗೆ ಮಾತ್ರ ಐವತ್ತು.

“ಬಾಯಿಗೆ ಬೀಗ ಅಂತ ಒಂದಿರತ್ತೆ, ಗೊತ್ತೇನೋ ಅಣ್ಣ? ಊರೋರಿಗೆಲ್ಲ ಇರತ್ತೆ. ನಿನ್ನ ಮಾಡುವಾಗ ಹಾಕೋದು ಮರ್ತಿದಾರೆ.”

“ಅವನು ನಮ್ಮಪ್ಪ ಕಣೇ.”

“ನಿಮ್ಮಪ್ಪ” ಅಂದಳು. ಮತ್ತೆ ಪುಸ್ತಕ.

ಮಾರ್ಚ್ ೪, ಬುಧವಾರ

ತೀರ್ಮಾನ ಮಾಡಿದ್ದೇನೆ. ಅಪ್ಪ ಬರುವಷ್ಟರಲ್ಲಿ ಅವನು ನನಗೆ ತಂದುಕೊಟ್ಟ ಆಟದ ಕಾರುಗಳನ್ನೆಲ್ಲ ಹೊಸದರಂತೆ ಮಾಡಿ ಗೋಡೆಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸುತ್ತೇನೆ. ಒಳಗೆ ಬಂದ ಕೂಡಲೇ ಅವನ ಕಣ್ಣಿಗೆ ಅವೇ ಬೀಳಬೇಕು.

ಬಿಸ್ಕತ್ತಿನ ಡಬ್ಬಿಯಿಂದ ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದೆ. ಅಂಗೈಯಷ್ಟು ಉದ್ದದ, ಎರಕ ಹೊಯ್ದ ಲೋಹದ ಗಟ್ಟಿ ಕಾರುಗಳು. ಈಗಿನ ಪ್ಲಾಸ್ಟಿಕ್ಕಿನಂಥವಲ್ಲ, ಎಸೆದರೆ ತಲೆ ಒಡೆಯುತ್ತದೆ. ಮೊದಲು ಕೆಂಪು ಕಾರು ತೆಗೆದುಕೊಂಡೆ. ತಳದ ರಿವೆಟ್ಟನ್ನು ಸಣ್ಣ ಡ್ರಿಲ್ಲಿನಲ್ಲಿ ಕೊರೆದರೆ ಕಾರು ಎರಡು ಹೋಳಾಗುತ್ತದೆ. ಗಾಜು, ಸೀಟು, ಚಕ್ರ ಬೇರೆ ತೆಗೆದು, ಮೈಯನ್ನು ಬ್ರೇಕ್ ಆಯಿಲ್ ಇರುವ ಗ್ಲಾಸಿನಲ್ಲಿ ಮುಳುಗಿಸಿಟ್ಟೆ. ಬ್ರೇಕ್ ಆಯಿಲ್ ತಾಗಿದರೆ ಬಣ್ಣ ಸುಟ್ಟ ಚರ್ಮದ ಹಾಗೆ ಬೊಬ್ಬೆ ಎದ್ದು ಕಳಚಿಕೊಳ್ಳುತ್ತದೆ. ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈ ಕೆಂಪು ಕಾರೇ ಮೊದಲನೆಯದು. ನನಗೆ ಐದು ವರ್ಷ. ಬಾಗಿಲು ತೆರೆದು ಮುಚ್ಚಬಹುದಾಗಿತ್ತು. ಅಪ್ಪ ನೆಲದ ಮೇಲೆ ಮೊಣಕಾಲೂರಿ ಬಾಯಲ್ಲೇ ಗೇರು ಬದಲಿಸಿ ತೋರಿಸಿದ. ನಾನು ಮನೆಯಿಡೀ ಓಡಿಸಿದೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಬೆನ್ನು ಒಂದು ಘಾಟಿ ರಸ್ತೆ ಅಂದುಕೊಂಡು ಕಾರು ಹತ್ತಿಸಿದೆ. “ಅಲ್ಲಿ ಬೇಡ ಕಂದ, ಅಲ್ಲಿ ನೋವು. ಕಾಲ ಮೇಲೆ ಓಡಿಸು” ಅಂದಳು. ಕಾಲ ಮೇಲೆ ಓಡಿಸಿದೆ. ಅಪ್ಪ ಜೋರಾಗಿ ನಕ್ಕ. ಎಂಥ ಒಳ್ಳೆಯ ದಿನ ಅದು.

ಒಂದೇ ಒಂದು ಕಾರು ಮಾತ್ರ ಅಪ್ಪ ಕೊನೆಗೂ ತರಲಿಲ್ಲ. ಕಪ್ಪು ಬಣ್ಣದ ಉದ್ದ ಮೂತಿಯದು, ಬಾನೆಟ್ ಎತ್ತಿದರೆ ಒಳಗೆ ಬೆಳ್ಳಿ ಬಣ್ಣದ ಎಂಜಿನ್. ಅಂಗಡಿಯ ಗಾಜಿಗೆ ಮೂಗೊತ್ತಿ ಅದನ್ನು ನೋಡುತ್ತಿದ್ದೆ. “ಮುಂದಿನ ಸಲ, ಕ್ಲೀನರ್” ಅನ್ನುತ್ತಿದ್ದ ಅಪ್ಪ.

ಮಾರ್ಚ್ ೭, ಶನಿವಾರ

ಇವತ್ತು ಪೇಂಟರಿಗೆ ಹೊಡೆದೆ. ಗಂಟಲು ದೊಡ್ಡದು ಅಂತ ಗ್ಯಾರೇಜಿನಲ್ಲಿ ಅವನನ್ನು ತುತ್ತೂರಿ ಅಂತ ಕರೆಯುತ್ತೇವೆ.

ನಾನು ಚಹಾ ಕುಡಿಯಲು ಹೋದಾಗ, ಇನ್ನೂ ಬಡಿದು ಎಬ್ಬಿಸದ ತಗ್ಗಿನ ಮೇಲೆ ಅವನು ತಗ್ಗು ಮುಚ್ಚುವ ಪೇಸ್ಟನ್ನು ದಪ್ಪಗೆ ಮೆತ್ತಿ ಉಜ್ಜಿಬಿಟ್ಟಿದ್ದ. ನೋಡಲು ಕನ್ನಡಿಯಂತಿತ್ತು. ಸುತ್ತಿಗೆಯಲ್ಲಿ ಒಂದು ತಟ್ಟಿದೆ. ಬಿಸ್ಕತ್ತಿನ ಹಾಗೆ ಉದುರಿತು, ಒಳಗೆ ತಗ್ಗು ಹಾಗೇ ಇತ್ತು.

“ಗಿರಾಕಿಗೆ ಗೊತ್ತಾಗ್ತಿತ್ತೇನಯ್ಯ? ಬಣ್ಣ ಹೊಡೆದ್ರೆ ಮುಗೀತು” ಅಂದ ತುತ್ತೂರಿ.

“ನನಗೆ ಗೊತ್ತಾಗ್ತಿತ್ತು.”

“ಓಹೋ! ಏನ್ ಇದು, ನಿಮ್ಮಪ್ಪನ ಕಾರಾ?”

ಮಾತು ಮುಗಿಯುವ ಮೊದಲೇ ನನ್ನ ಮುಷ್ಟಿ ಅವನ ಬಾಯಿಯ ಮೇಲಿತ್ತು. ಹಲ್ಲಿಗೆ ಸಿಕ್ಕಿ ತುಟಿ ಸೀಳಿತು. ರಕ್ತ ಗದ್ದದಿಂದ ಇಳಿದು ಉಜ್ಜಿದ ಪೇಸ್ಟಿನ ಪುಡಿಯ ಮೇಲೆ ಬಿದ್ದು ಉಂಡೆಯಾಯಿತು. ಇನ್ನೊಂದು ಹೊಡೆಯಲು ಕೈ ಎತ್ತಿದ್ದೆ, ಮೇಸ್ತ್ರಿ ಹಿಂದಿನಿಂದ ತಬ್ಬಿ ಹಿಡಿದರು. ನನ್ನ ಬೆರಳಿನ ಗೆಣ್ಣಿನಲ್ಲಿ ಅವನ ಹಲ್ಲಿನ ಗುರುತಿದೆ.

ತಪ್ಪು ಅವನದೇ. ಅಪ್ಪನ ಹೆಸರು ಎತ್ತಬಾರದಿತ್ತು.

ಮಾರ್ಚ್ ೯, ಸೋಮವಾರ

ತುತ್ತೂರಿಗೆ ಒಂದು ಜೊತೆ ಕೈಗವಸು ತಂದುಕೊಟ್ಟೆ. ಒಳ್ಳೆಯ ಚರ್ಮದ್ದು. ಊದಿದ ತುಟಿಯಲ್ಲೇ ನಕ್ಕ. “ಇನ್ನೊಂದ್ ಸಲ ಹೊಡಿ ಗುರೂ, ಬೂಟೂ ಹಳೇದಾಗಿದೆ.” ಎಲ್ಲರೂ ನಕ್ಕರು. ಈಗ ಸರಿಹೋಗಿದ್ದೇವೆ. ಕೊಟ್ಟುಬಿಟ್ಟರೆ ಮನಸ್ಸು ಎಷ್ಟು ಹಗುರ.

ಮಾರ್ಚ್ ೧೧, ಬುಧವಾರ

ಕೆಂಪು ಕಾರು ಮುಗಿಯಿತು. ಇವತ್ತು ಹಳದಿ ಜೀಪು. ಕಿಟಕಿಯ ಪ್ಲಾಸ್ಟಿಕ್ಕು ಮಬ್ಬಾಗಿತ್ತು, ಹಲ್ಲುಜ್ಜುವ ಪೇಸ್ಟು ಹಚ್ಚಿ ಬಟ್ಟೆಯಲ್ಲಿ ತಿಕ್ಕಿದೆ. ಹೊಸ ಕನ್ನಡಕದ ಹಾಗೆ ಹೊಳೆಯಿತು.

ಜೀಪು ಬಂದ ದಿನ ಅಡುಗೆ ಮಾಡಿದ್ದು ಅಪ್ಪ. ಅದೂ ನೆನಪಿದೆ. ಸೊಂಟಕ್ಕೆ ಟವೆಲ್ ಬಿಗಿದು, ಸೌಟು ಹಿಡಿದು ಹಾಡುತ್ತ ಅಡುಗೆ ಮನೆಯಲ್ಲಿ ಕುಣಿದ. ಅಮ್ಮ ಮಾತಾಡಲಿಲ್ಲ, ಬಾಯಿ ತೆರೆಯಲು ಆಗುತ್ತಿರಲಿಲ್ಲ. ನನ್ನ ಜ್ಯೂಸಿನ ನಳಿಕೆಯಲ್ಲಿ ಗಂಜಿ ಹೀರಿದಳು. ನನಗದು ತಮಾಷೆಯಾಗಿ ಕಂಡು ನಾನೂ ನಳಿಕೆಯಲ್ಲೇ ಕುಡಿದೆ. ಹೊಟ್ಟೆಯಲ್ಲಿದ್ದ ತಂಗಿ ಆ ವರ್ಷವೇ ಹುಟ್ಟಿದ್ದು ಅಂತ ಕಾಣುತ್ತದೆ. ಇಲ್ಲ, ಅವಳು ಆಗಲೇ ಹುಟ್ಟಿದ್ದಳು. ತೊಟ್ಟಿಲಲ್ಲಿ ಅಳುತ್ತಿದ್ದಳು, ಎತ್ತಿಕೊಳ್ಳುವವರು ಇರಲಿಲ್ಲ. ಸರಿಯಾಗಿ ಬರೆಯಬೇಕು.

ಮಾರ್ಚ್ ೧೪, ಶನಿವಾರ

“ನನ್ನ ನೇಲ್ ಪಾಲಿಶ್ ಕದ್ದೋರ್ ಯಾರು?”

“ಕದ್ದಿಲ್ಲ, ತಗೊಂಡೆ. ಹಿಂದಿನ ದೀಪಕ್ಕೆ ಆ ಕೆಂಪೇ ಸರಿ.”

“ನಿನ್ನ ಕಾರಿನ ಹಿಂಭಾಗ ನನ್ನ ಬೆರಳಿಗಿಂತ ಚೆಂದ ಕಾಣ್ಬೇಕಾ?”

“ನಿನ್ನ ಬೆರಳಿನ ಹಿಂದೆ ಯಾರೂ ಬ್ರೇಕ್ ಹಾಕಲ್ಲ.”

ಅಮ್ಮ ಕೂಡ ನಕ್ಕಳು. ಈ ತಿಂಗಳಲ್ಲಿ ಮೊದಲ ಸಲ.

ನೀಲಿ ಕಾರಿಗೆ ಬಣ್ಣ ಹೊಡೆದೆ. ಇದು ಬಂದಾಗ ಅಮ್ಮನ ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಆಸ್ಪತ್ರೆಯ ಬಿಳಿ ಹಿಟ್ಟಿನ ಕಟ್ಟು ಹಾಕಿದ್ದರು. ಆ ಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ರಸ್ತೆ ಬರೆದೆ. ನಡುವೆ ಬಿಳಿ ಗೆರೆ ಬಿಟ್ಟು, ಮಣಿಕಟ್ಟಿನ ಹತ್ತಿರ ಒಂದು ತಿರುವು, ಒಂದು ಪೆಟ್ರೋಲ್ ಬಂಕು. ಅಮ್ಮ ಕೈ ಅಲುಗಿಸದೆ ಕೂತಿರುತ್ತಿದ್ದಳು, ನಾನು ನೀಲಿ ಕಾರು ಓಡಿಸುತ್ತಿದ್ದೆ. ಅಷ್ಟು ಒಳ್ಳೆಯ ರಸ್ತೆ ಆಮೇಲೆ ಎಲ್ಲೂ ಸಿಗಲಿಲ್ಲ. ಕಟ್ಟು ಒಡೆದು ತೆಗೆದ ದಿನ ನಾನು ಅತ್ತುಬಿಟ್ಟೆ.

ಮಾರ್ಚ್ ೧೬, ಸೋಮವಾರ

ಅಮ್ಮ ಕೂದಲು ಕತ್ತರಿಸಿಕೊಂಡು ಬಂದಿದ್ದಾಳೆ. ಹುಡುಗರ ಹಾಗೆ, ಕಿವಿಯ ಮೇಲಕ್ಕೆ. ಗುರುತೇ ಸಿಗಲಿಲ್ಲ. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿಯ ಮುಂದೆ ನಿಂತು ಸೆಕೆಯಂತೆ.

“ಚೆನ್ನಾಗಿಲ್ಲ. ಅಪ್ಪನಿಗೆ ನಿನ್ನ ಜಡೆ ಅಂದ್ರೆ ಎಷ್ಟು ಇಷ್ಟ ಇತ್ತು” ಅಂದೆ. ನಿಜ. ಆ ಜಡೆಯನ್ನು ಅವನು ಕೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದದ್ದು ನನಗೆ ನೆನಪಿದೆ.

“ಹೂಂ, ಇಷ್ಟ ಇತ್ತು” ಅಂದಳು ಅಮ್ಮ. ತಂಗಿ ತಟ್ಟೆಯನ್ನು ಕುಕ್ಕಿ ಎದ್ದು ಹೋದಳು.

ಮಾರ್ಚ್ ೧೯, ಗುರುವಾರ

ಬರೆಯುವಂಥದ್ದೇನೂ ಇಲ್ಲ. ದಾರಿಯಲ್ಲಿ ಒಬ್ಬ ಬೈಕಿನವನು ತಾಗಿಸಿಕೊಂಡು ಹೋದ. ಸಿಗ್ನಲ್ಲಿನಲ್ಲಿ ಹಿಡಿದು ಅವನ ಕನ್ನಡಿ ಮುರಿದೆ, ಹೆಲ್ಮೆಟ್ಟಿನ ಮೇಲೆ ಅದೇ ಕನ್ನಡಿಯಲ್ಲಿ ಬಾರಿಸಿದೆ. ಹಿಂದೆ ಕೂತಿದ್ದ ಅವನ ಹೆಂಡತಿ ಕಿರುಚಿದಳು. ಅವಳಿಗೇನೂ ಮಾಡಲಿಲ್ಲವಲ್ಲ.

ಬಿಳಿ ಕಾರೂ ಮುಗಿಯಿತು, ಹಸಿರು ರೇಸ್ ಕಾರಿನ ಬಣ್ಣ ಒಣಗುತ್ತಿದೆ. ಅದೇ ಕೊನೆಯದು.

ಮಾರ್ಚ್ ೨೨, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹಲಗೆಯನ್ನು ಗೋಡೆಗೆ ಬಿಗಿದು ಕಾರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ಬಿಸಿಲು ಬಿದ್ದು ಮಿಂಚುತ್ತಿದ್ದವು. ಅಮ್ಮ ಲಾಂಡ್ರಿಗೆ ಹೋಗಿದ್ದಳು. ತಂಗಿಯನ್ನು ಕರೆದು ತೋರಿಸಿದೆ. ಬಾಗಿಲ ಚೌಕಟ್ಟಿಗೆ ಒರಗಿ ನೋಡಿದಳು.

“ಎಲ್ಲಾ ಹೊಸದ್ರ ಥರ ಮಾಡಿದೀಯ.”

“ಮತ್ತೆ? ಅಪ್ಪ ನೋಡ್ಬೇಕು.”

“ಅಣ್ಣ, ನಿಜ ಹೇಳು. ನಿನಗೆ ಗೊತ್ತಿಲ್ವಾ, ಗೊತ್ತಿಲ್ದೋರ ಹಾಗೆ ಇದೀಯಾ?”

“ಏನು?”

ಹತ್ತಿರ ಬಂದು ಒಂದೊಂದರ ಮೇಲೂ ಬೆರಳಿಟ್ಟಳು. “ಇದು ಅಮ್ಮನ ಬೆನ್ನು. ಇದು ದವಡೆ. ಈ ನೀಲಿದು ಕೈ. ಈ ಬಿಳಿದು ಹಲ್ಲು, ಎರಡು. ಹಸಿರಿದು ನನಗೇ ನೆನಪಿದೆ, ಜಡೆ ಹಿಡಿದು ಒಲೆ ಕಡೆ ಎಳೆದದ್ದು. ಆ ಮನುಷ್ಯ ಸುಮ್ಸುಮ್ನೆ ಒಂದಿನಾನಾದ್ರೂ ಕಾರ್ ತಂದಿದ್ನಾ? ಹೊಡೆದ ಮಾರನೇ ದಿನ ತರ್ತಿದ್ದ. ನೀನು ಡುರ್‍ರ್ ಅಂತ ಓಡಿಸ್ತಿದ್ದೆ.”

“ಸುಳ್ಳು.”

“ಅಮ್ಮನ್ನ ಕೇಳು. ಅಪ್ಪನ ಕ್ಲೀನರ್ ಅಲ್ವಾ ನೀನು, ಅವನ ಗಲೀಜೆಲ್ಲ ಚೆನ್ನಾಗಿ ಉಜ್ಜಿದೀಯ.”

ಹೊಡೆದೆ. ಕೆನ್ನೆಗಲ್ಲ, ಮುಷ್ಟಿ ಬಿಗಿದು, ಬಾಯಿಗೆ. ಅವಳ ತಲೆ ಹಲಗೆಯ ಅಂಚಿಗೆ ಬಡಿದು ಕಾರುಗಳು ದಡದಡ ಉರುಳಿದವು. ಅವಳು ನೆಲಕ್ಕೆ ಕೂತಳು. ತುಟಿಯ ಎಡಗಡೆ ಒಡೆದು ರಕ್ತ ಬರುತ್ತಿತ್ತು. ಅವಳು ಅಳಲಿಲ್ಲ. ಎರಡು ಕೈಯನ್ನೂ ತಲೆಯ ಮೇಲಿಟ್ಟು, ಮೊಣಕೈಗಳನ್ನು ಮುಖದ ಮುಂದೆ ಜೋಡಿಸಿ, ಉಂಡೆಯಾಗಿ ಕೂತಳು. ಹಾಗೆ ಕೂರುವುದನ್ನು ಅವಳಿಗೆ ಯಾರು ಕಲಿಸಿದರು?

“ಏಳೇ” ಅಂದೆ. ಏಳಲಿಲ್ಲ. ಬಿದ್ದ ಕಾರುಗಳನ್ನು ಹೆಕ್ಕಿದೆ. ನೀಲಿ ಕಾರಿನ ಮುಂದಿನ ಚಕ್ರ ಸೊಟ್ಟಗಾಗಿದೆ.

ಮಾರ್ಚ್ ೨೩, ಸೋಮವಾರ

ತಂಗಿ ನೆಗಡಿ ಅಂತ ಹೇಳಿ ಮುಸುಕೆಳೆದು ಮಲಗಿದ್ದಳು. ಸ್ಕೂಲಿಗೆ ಹೋಗಲಿಲ್ಲ. ಅಮ್ಮನಿಗೆ ಏನೂ ಹೇಳಿಲ್ಲ. ಬೆಳಿಗ್ಗೆ ನನ್ನನ್ನು ಅಮ್ಮ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ.

ಗ್ಯಾರೇಜಿನಲ್ಲಿ ಕೆಲಸ ಸಾಗಲಿಲ್ಲ. ಸಂಜೆ ಬಂದವನೇ ಹಸಿರು ರೇಸ್ ಕಾರನ್ನು ತೆಗೆದು ಅವಳ ದಿಂಬಿನ ಪಕ್ಕ ಇಟ್ಟೆ. ಎಲ್ಲದರಲ್ಲೂ ಚೆಂದದ್ದು ಅದೇ. ಮನಸ್ಸು ಹಗುರಾಯಿತು.

ಅಮ್ಮ ಲಾಂಡ್ರಿಯಿಂದ ಬಂದು, ಚಪ್ಪಲಿ ಬಿಟ್ಟು, ಮಗಳ ಹಣೆ ಮುಟ್ಟಲು ಕೋಣೆಗೆ ಹೋದಳು. ತಂಗಿಯ ಮುಖ ಹೊದಿಕೆಯ ಒಳಗಿತ್ತು. ಅಮ್ಮ ಹೊದಿಕೆ ಎತ್ತಲಿಲ್ಲ. ದಿಂಬಿನ ಪಕ್ಕದ ಕಾರನ್ನು ನೋಡಿದಳು. ಅಷ್ಟೇ ನೋಡಿದ್ದು. ಹೊರಗೆ ಬಂದು ನನ್ನ ಮುಂದೆ ನಿಂತಳು.

“ಎಲ್ಲಿಗೆ ಹೊಡೆದೆ?”

ಯಾಕೆ ಅಂತ ಕೇಳಲಿಲ್ಲ. ಹೊಡೆದೆಯಾ ಅಂತಲೂ ಕೇಳಲಿಲ್ಲ.

“ಬಾಯಿಗೆ” ಅಂದೆ.

ಅಮ್ಮ ಫ್ರಿಜ್ಜಿನಿಂದ ಐಸ್ ತೆಗೆದು ಬಟ್ಟೆಯಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಎಷ್ಟು ಬೇಗ ಕಟ್ಟಿದಳು, ನೋಡದೆಯೇ ಗಂಟು ಹಾಕಿದಳು.

ಮಾರ್ಚ್ ೨೫, ಬುಧವಾರ

ಹಸಿರು ಕಾರು ನನ್ನ ಚಪ್ಪಲಿಯ ಮೇಲೆ ಇತ್ತು. ತಂಗಿ ಇಟ್ಟಿರಬೇಕು.

ಮಾರ್ಚ್ ೨೭, ಶುಕ್ರವಾರ

ತಗಡಿನ ತಗ್ಗು ನೋಡಿದರೆ ಪೆಟ್ಟು ಯಾವ ಕಡೆಯಿಂದ ಬಿದ್ದದ್ದು, ಕಂಬವೋ ಇನ್ನೊಂದು ಗಾಡಿಯೋ ನಾನು ಹೇಳಬಲ್ಲೆ. ಮೇಸ್ತ್ರಿ ಗಿರಾಕಿಗಳ ಮುಂದೆ ಅದನ್ನು ಹೇಳಿಸಿ ಮೆರೆಯುತ್ತಾರೆ.

ಅಮ್ಮನ ಬಲಗೈ ಪೂರ್ತಿ ನೆಟ್ಟಗಾಗುವುದಿಲ್ಲ. ಇಸ್ತ್ರಿ ಮಾಡೀ ಮಾಡೀ ಹಾಗಾಗಿದೆ ಅಂದುಕೊಂಡಿದ್ದೆ. ಇವತ್ತು ಊಟಕ್ಕೆ ಬಡಿಸುವಾಗ ನೋಡಿದೆ. ಅದು ತಿರುಚಿ ಮುರಿದದ್ದು.

ಮಾರ್ಚ್ ೨೯, ಭಾನುವಾರ

ಅಮ್ಮ ಬೇರೆ ಕಡೆ ಹೋಗೋಣ ಅನ್ನಲಿಲ್ಲ. “ಎಲ್ಲಿಗೆ ಅಂತ ಹೋಗೋದು, ಪ್ರತಿ ಸಲ ನಾವೇನಾ ಹೋಗೋದು?” ಅಂದಳು. ಬಾಗಿಲು ಹಾಕಿಕೊಂಡು ಸುಮ್ಮನಿರು ಅಂದಳು ತಂಗಿ. ಒಳಗಿದ್ದು ಇಲ್ಲದವರ ಹಾಗೆ ಕೂರುವುದೂ ಸುಳ್ಳೇ. ತಟ್ಟಿದ ಸದ್ದಿಗೆ ನಾನು ಬಾಗಿಲು ತೆರೆದೆ.

ಅಪ್ಪ ಮೆಟ್ಟಿಲ ಮೇಲೆ ನಿಂತಿದ್ದ. ತೆಳ್ಳಗಾಗಿದ್ದಾನೆ. ನುಣ್ಣಗೆ ಗಡ್ಡ ಹೆರೆದಿದ್ದ, ಬಾಯಲ್ಲಿ ವಾಸನೆ ಇರಲಿಲ್ಲ. ನಿಜವಾಗಿಯೂ ಕುಡಿತ ಬಿಟ್ಟಿದ್ದಾನೆ. ಕೈಯಲ್ಲಿ ಒಂದು ಪೆಟ್ಟಿಗೆ. ಗಾಜಿನಂಥ ಕಾಗದದ ಹಿಂದೆ ಕಪ್ಪು ಕಾರು, ಉದ್ದ ಮೂತಿ.

“ಏನೋ ಕ್ಲೀನರ್, ನನಗಿಂತ ಎತ್ತರ ಆಗ್ಬಿಟ್ಟಿದೀಯ! ನೋಡು, ಈ ಸಲ ಮೊದ್ಲೇ ತಂದಿದೀನಿ.”

ಅವನಿಗೆ ತಾನು ಹೇಳಿದ್ದು ಏನು ಅಂತ ತಿಳಿಯಲಿಲ್ಲ. ನಗುತ್ತಲೇ ಇದ್ದ. ನನ್ನ ಕೈ ಪೆಟ್ಟಿಗೆಯ ಕಡೆ ಹೋಯಿತು. ಇದನ್ನೂ ಬರೆಯಬೇಕು, ಹೋಯಿತು. ಅರ್ಧಕ್ಕೆ ಹೋದ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದೆ. ಇನ್ನೊಂದು ಕೈಯಲ್ಲಿ ಆ ಕಡೆಯ ಚೌಕಟ್ಟನ್ನು.

“ಒಳಗೆ ಬರಬೇಡ ಅಪ್ಪ.”

“ಹೇ, ತಮಾಷೆ ಸಾಕು. ದಾರಿ ಬಿಡು.”

“ಬಿಡಲ್ಲ.”

“ನಿಮ್ಮಮ್ಮ ಹೇಳ್ಕೊಟ್ಟಿದಾಳೆ ಅಲ್ವಾ? ಎಲ್ಲಿ ಅವಳು?”

ಮೊದಲನೆಯದು ಕೆನ್ನೆಗೆ. ಎರಡನೆಯದು ಹೊಟ್ಟೆಗೆ. ಉಸಿರು ನಿಂತು ಮೊಣಕಾಲು ಮಡಚಿತು, ಚೌಕಟ್ಟು ಬಿಡಲಿಲ್ಲ. ಆಮೇಲೆ ಮುಷ್ಟಿ ಬಾಯಿಗೆ, ಕಿವಿಗೆ, ಮತ್ತೆ ಬಾಯಿಗೆ. ಹಲ್ಲು ಒಂದು ನಾಲಿಗೆಯ ಮೇಲೆ ಕಲ್ಲಿನ ಹಾಗೆ ಬಿತ್ತು. ನನಗೆ ಹತ್ತೊಂಬತ್ತು, ದಿನವಿಡೀ ಸುತ್ತಿಗೆ ಬಡಿಯುವ ತೋಳು. ಬಿಟ್ಟಿದ್ದರೆ ಅವನನ್ನು ಮೆಟ್ಟಿಲ ಕೆಳಗೆ ಕೆಡವಿ ಮುಖ ಜಜ್ಜುತ್ತಿದ್ದೆ. ಎಷ್ಟು ಬೇಕಾಗಿತ್ತು ಅದು. ಅದಕ್ಕೇ ಎರಡು ಕೈಯನ್ನೂ ಮರಕ್ಕೆ ಒತ್ತಿ ಹಿಡಿದಿದ್ದೆ. ಉಗುರಿನ ಅಡಿಗೆ ಬಣ್ಣದ ಚಕ್ಕೆ ಹೊಕ್ಕಿದೆ.

ಹಿಂದೆ ತಿರುಗಿ ನೋಡಿದಾಗ ಅಮ್ಮ ಕೋಣೆಯ ನಡುವೆ ನಿಂತಿದ್ದಳು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ವೈರು ಗೋಡೆಯ ಪ್ಲಗ್ಗಿನಲ್ಲಿತ್ತು, ದೀಪ ಕೆಂಪಗೆ ಉರಿಯುತ್ತಿತ್ತು. ಇಸ್ತ್ರಿ ಮಾಡುವ ಬಟ್ಟೆ ಒಂದೂ ಹೊರಗಿರಲಿಲ್ಲ. ಅಪ್ಪ ನನ್ನ ಭುಜದ ಮೇಲಿಂದ ಅವಳನ್ನು ನೋಡಿದ. ಅವಳ ತಲೆಯನ್ನು ನೋಡಿದ. ಒಂದು ಕ್ಷಣ ಅವನ ಕೈ ಎಲ್ಲಿ ಹಿಡಿಯಬೇಕೆಂದು ತಿಳಿಯದ ಹಾಗೆ ಗಾಳಿಯಲ್ಲೇ ನಿಂತಿತು.

ಅಷ್ಟರಲ್ಲಿ ತಂಗಿ ಕಿಟಕಿಯ ಸರಳಿಗೆ ತಟ್ಟೆ ಬಡಿಯತೊಡಗಿದಳು. ಬಡಿದಳು, ಬಡಿದಳು, ಬೀದಿಯ ಬಾಗಿಲುಗಳೆಲ್ಲ ತೆರೆಯುವವರೆಗೆ ಬಡಿದಳು. ಮೇಲಿನ ಮನೆಯಲ್ಲಿರುವ ಆಸ್ಪತ್ರೆಯ ನರ್ಸಮ್ಮ ಬಾಲ್ಕನಿಯಿಂದ “ಯಾರ್ರೀ ಅದು? ಪೊಲೀಸ್ರಿಗೆ ಫೋನ್ ಮಾಡ್ತಿದೀನಿ!” ಅಂತ ಕೂಗಿದರು. ಜನ ನೋಡುತ್ತಿದ್ದರೆ ಅಪ್ಪ ಹೊಡೆಯುವುದಿಲ್ಲ. ಮೊದಲಿನಿಂದಲೂ ಹಾಗೇ. ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು, ಅಂಗಿ ಸರಿಮಾಡಿಕೊಂಡು, “ತಗೋ. ನಿಂಗೇ ತಂದದ್ದು” ಅಂದು ಹೋದ.

ಚೌಕಟ್ಟಿನಿಂದ ನನ್ನ ಬೆರಳುಗಳನ್ನು ಅಮ್ಮ ಒಂದೊಂದಾಗಿ ಬಿಡಿಸಿದಳು.

ಮಾರ್ಚ್ ೩೦, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಬಲಗಣ್ಣು ಮುಚ್ಚಿಕೊಂಡಿದೆ, ನಳಿಕೆಯಲ್ಲಿ ಗಂಜಿ ಕುಡಿದೆ. ನರ್ಸಮ್ಮ ತುಟಿಗೆ ಹೊಲಿಗೆ ಹಾಕಿಸಿಕೊಂಡು ಬಾ ಅಂದರು, ಹಾಕಿಸಿಕೊಂಡೆ. ಅಮ್ಮನ ಜೊತೆ ಸ್ಟೇಷನ್ನಿಗೆ ಹೋದೆ, ಅವಳು ಮೂವರ ಹೆಸರಲ್ಲೂ ಪೊಲೀಸರಿಗೆ ಹೇಳಿಕೆ ಕೊಟ್ಟಳು. ಮನೆಯಲ್ಲಿ ಬೇರೆ ಯಾರಾದರೂ ಹೊಡೆಯುತ್ತಾರಾ ಅಂತ ಅಲ್ಲಿ ಕೇಳಿದರು. ನಾನು ತಂಗಿಗೆ ಹೊಡೆದದ್ದನ್ನು ಹೇಳಿದೆ. ಅದನ್ನೂ ಬರೆದುಕೊಂಡರು.

ಮೆಟ್ಟಿಲ ಮೇಲಿನ ಪೆಟ್ಟಿಗೆಯನ್ನು ನಮ್ಮಲ್ಲಿ ಯಾರೂ ಮುಟ್ಟಿರಲಿಲ್ಲ. ಮಧ್ಯಾಹ್ನ ನೋಡಿದರೆ ಇಲ್ಲ. ಯಾರೋ ತೆಗೆದುಕೊಂಡು ಹೋಗಿದ್ದಾರೆ. ಯಾರ ಮನೆಗೋ.

ಸಂಜೆ ತಂಗಿ ಸ್ಕೂಲಿನಿಂದ ಬಂದಳು. ನನ್ನ ಮುಖ ನೋಡಿ, “ಡೆಂಟಿಂಗ್ ಯಾರು ಮಾಡ್ತಾರೆ ನಿಂಗೆ?” ಅಂದಳು. ನಗು ಬಂತು, ಹೊಲಿಗೆ ಎಳೆಯಿತು. ಅವಳೂ ನಗಲು ಹೋಗಿ ತುಟಿ ಹಿಡಿದುಕೊಂಡಳು. ನಾನು ನೀರು ಕೊಡಲು ಕೈ ಎತ್ತಿದಾಗ ಅವಳ ಮೊಣಕೈ ತಾನಾಗಿ ಮುಖದ ಮುಂದೆ ಬಂತು. ಗ್ಲಾಸನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದೆ.

ಅವಳ ತುಟಿಯ ಎಡಗಡೆ ಊತ ಇನ್ನೂ ಪೂರ್ತಿ ಇಳಿದಿಲ್ಲ. ತುಂಬ ಹೊತ್ತು ನೋಡಿದೆ. ಏನೂ ಕೊಡಲಿಲ್ಲ.